ಔಟ್: ಪೋಕರ್‌ನಲ್ಲಿ ಪಾರುಮಾಡುವ ಎಲೆ

ಕ್ರಿಕೆಟ್ ನೋಡುತ್ತಾ ಬೆಳೆದ ನಮಗೆ ಔಟ್ ಎಂದರೆ ಕಥೆ ಮುಗಿಯಿತು ಎಂದೇ ಅರ್ಥ. ಪೋಕರ್ ಎಂಬ ಇಸ್ಪೀಟಾಟದಲ್ಲಿ ಇದು ತದ್ವಿರುದ್ಧ. ಸೋಲುತ್ತಿರುವ ಕೈಯನ್ನು, ಅಂದರೆ ಐದು ಎಲೆಗಳ ಜೋಡಣೆಯನ್ನು, ಗೆಲ್ಲುವ ಕೈಯಾಗಿಸಬಲ್ಲ, ಇನ್ನೂ ತೆರೆಯದ ಎಲೆಯೇ ಔಟ್. ಹೊಸಬರು ಯಾವ ಕೈ ದೊಡ್ಡದು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿ ಕೂರುತ್ತಾರೆ. ಅದು ಬೇಕು, ಆದರೆ ಆಟ ತಿಳಿಯುವುದು ಔಟ್ ಎಣಿಸಲು ಕಲಿತ ಮೇಲೆಯೇ.

ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು: ಮೊದಲು ಒಟ್ಟಿಗೆ ಮೂರು, ನಂತರ ಒಂದು, ಕೊನೆಗೆ ‘ರಿವರ್’ ಎನ್ನುವ ಇನ್ನೊಂದು. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು.

ನಿಮ್ಮ ಕೈಯಲ್ಲಿ ಆಟೀನ್ ಎಕ್ಕ, ಆಟೀನ್ ಒಂಬತ್ತು ಇವೆ ಎನ್ನಿ. ನಡುವೆ ಆಟೀನ್ ರಾಜ, ಆಟೀನ್ ನಾಲ್ಕು, ಕಳಾವರ್ ಏಳು, ಇಸ್ಪೀಟ್ ಎರಡು. ಇನ್ನೊಂದು ಆಟೀನ್ ಬಿದ್ದರೆ ಐದಾಗಿ ಫ್ಲಶ್, ಅಂದರೆ ಐದೂ ಒಂದೇ ಜಾತಿಯ ಎಲೆ. ಹದಿಮೂರರಲ್ಲಿ ನಾಲ್ಕು ಕಂಡಿವೆ, ಒಂಬತ್ತು ಉಳಿದಿವೆ. ನೀವು ಕಾಣದ ಎಲೆಗಳು 46. ಅಂದರೆ ಸುಮಾರು ಐದಕ್ಕೊಂದು ಅವಕಾಶ.

ಈ ಎಣಿಕೆಗೆ ಬೆಲೆ ಬರುವುದು ಪಣದ ಮುಂದೆ. ಹುಣಸೆ ಬೀಜ ಇಟ್ಟುಕೊಂಡೇ ಆಡಿ ನೋಡಿ. ಕಲಿಯಲು ಹಣ ಬೇಕಿಲ್ಲ, ಇಡುವುದೂ ಬೇಡ. ನಡುವೆ 40 ಬೀಜಗಳಿವೆ, ಎದುರಾಳಿ 10 ಸೇರಿಸಿದ. ಆಟದಲ್ಲಿ ಉಳಿಯಲು ನೀವೂ 10 ಕೊಟ್ಟರೆ 50 ಗೆಲ್ಲಬಹುದು. ಆರು ಸಲದಲ್ಲಿ ಒಮ್ಮೆ ಗೆದ್ದರೂ ನಷ್ಟವಿಲ್ಲ, ನಿಮಗೋ ಐದಕ್ಕೊಂದು ಅವಕಾಶವಿದೆ. ಕೊಡಿ. ಅವನು 10ರ ಬದಲು 40 ಇಟ್ಟಿದ್ದರೆ? 80ರ ಆಸೆಗೆ 40 ಕೊಡಬೇಕು, ಮೂರಕ್ಕೊಂದು ಗೆಲ್ಲಬೇಕು. ಕೈಯಲ್ಲಿ ಎಕ್ಕವಿದ್ದರೂ ಎಲೆ ಕೆಳಗಿಡುವುದೇ ಸರಿ. ಹೊಸಬರಿಗೆ ಅತಿ ಕಷ್ಟದ ಕೆಲಸವೂ ಇದೇ.

ಎಣಿಸಿದ ಔಟ್‌ಗಳೆಲ್ಲ ನಿಮ್ಮವೇ ಎಂದುಕೊಳ್ಳಬೇಡಿ. ಎದುರಾಳಿಯ ಬಳಿ ಇಸ್ಪೀಟ್ ರಾಜ, ಇಸ್ಪೀಟ್ ಏಳು ಇದ್ದರೆ, ಆಟೀನ್ ಏಳು ಬಿದ್ದಾಗ ನಿಮಗೆ ಫ್ಲಶ್ ಆಗುತ್ತದೆ, ಅವನಿಗೆ ಮೂರು ಏಳು, ಎರಡು ರಾಜ ಸೇರಿ ಫುಲ್ ಹೌಸ್. ಅದು ಫ್ಲಶ್‌ಗಿಂತ ದೊಡ್ಡದು. ಆಗ ನಿಮ್ಮ ನಿಜವಾದ ಔಟ್‌ಗಳು ಒಂಬತ್ತಲ್ಲ, ಎಂಟೇ.