ಒಂದು ವಾಕ್ಯದ ದಾವೆ: ಅಮೆರಿಕದ ಫೆಡರಲ್ ಕೋರ್ಟಿನ ಬಾಗಿಲು ತೆರೆದದ್ದು, ಮತ್ತೆ ಕಿರಿದಾದದ್ದು

1936ರ ಜೂನ್ 1. ಬಾಸ್ಟನ್ನಿನ ಬಾಯ್ಲ್‌ಸ್ಟನ್ ಸ್ಟ್ರೀಟ್. ವಾದಿ ರಸ್ತೆ ದಾಟುತ್ತಿದ್ದಾಗ ಪ್ರತಿವಾದಿ ಅಜಾಗರೂಕತೆಯಿಂದ ಮೋಟಾರು ಓಡಿಸಿ ಅವರಿಗೆ ಗುದ್ದಿದರು. ಕಾಲು ಮುರಿಯಿತು, ದುಡಿಮೆ ನಿಂತಿತು, ಆಸ್ಪತ್ರೆ ಖರ್ಚು ಬಂತು. ಪರಿಹಾರ ಕೊಡಿಸಿ.

ಇಷ್ಟೇ. ಇದು ನಿಜವಾಗಿ ನಡೆದ ಅಪಘಾತವಲ್ಲ. 1938ರಲ್ಲಿ ಅಮೆರಿಕದ ಫೆಡರಲ್, ಅಂದರೆ ಕೇಂದ್ರದ, ಕೋರ್ಟುಗಳಲ್ಲಿ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ನಿಯಮಗಳ ಕೊನೆಯಲ್ಲಿದ್ದ ಮಾದರಿ ವಾದಪತ್ರದ (ವಾದಿ ಕೋರ್ಟಿಗೆ ಕೊಡುವ ಲಿಖಿತ ದೂರಿನ) ಸಾರ. ದಾವೆ ಹೂಡಲು ಇಷ್ಟು ಹೇಳಿದರೆ ಸಾಕು ಎಂದು ತೋರಿಸಲು ಅದನ್ನು ಸೇರಿಸಿದ್ದರು. ಇದರಲ್ಲಿ ಎಷ್ಟು ಧೈರ್ಯವಿತ್ತು ಅನ್ನೋದು ಗೊತ್ತಾಗಬೇಕಾದರೆ ಹಿಂದಿನ ಸ್ಥಿತಿ ನೋಡಬೇಕು.

ಇಂಗ್ಲೆಂಡಿನಿಂದ ಬಂದ ಹಳೆಯ ಪದ್ಧತಿಯಲ್ಲಿ ಒಂದೊಂದು ಬಗೆಯ ತಕರಾರಿಗೂ ಒಂದೊಂದು ರಿಟ್, ಅಂದರೆ ದಾವೆ ಶುರುಮಾಡಲು ಬೇಕಾದ ಲಿಖಿತ ಆದೇಶ, ಇತ್ತು. ತಪ್ಪು ರಿಟ್ ಆರಿಸಿಕೊಂಡರೆ, ನ್ಯಾಯ ನಿಮ್ಮ ಕಡೆಗಿದ್ದರೂ ಸೋಲು. 1848ರಲ್ಲಿ ನ್ಯೂಯಾರ್ಕ್ ರಾಜ್ಯ, ಡೇವಿಡ್ ಡಡ್ಲಿ ಫೀಲ್ಡ್ ಎಂಬ ವಕೀಲರ ಮುಂದಾಳತ್ವದಲ್ಲಿ ಹೊಸ ಸಂಹಿತೆ ತಂದಿತು. ನಡೆದ ಸಂಗತಿಗಳನ್ನು ಹೇಳಿ, ಸಾಕು ಎಂದಿತು. ಆದರೆ ವಾದಪತ್ರದಲ್ಲಿ ಬರೆದದ್ದು ‘ಸಂಗತಿ’ಯೋ, ‘ಸಾಕ್ಷ್ಯ’ವೋ, ‘ತೀರ್ಮಾನ’ವೋ ಎಂಬ ಜಗಳ ಶುರುವಾಯಿತು. ವಕೀಲರಿಗೆ ಕೆಲಸ ಜಾಸ್ತಿಯಾಯಿತು. ಕಕ್ಷಿದಾರ ಹೊರಗೇ ನಿಂತಿದ್ದ.

ಫೆಡರಲ್ ಕೋರ್ಟುಗಳಿಗೆ ಇನ್ನೊಂದು ತೊಡಕೂ ಇತ್ತು. 1872ರ ಕಾಯ್ದೆಯ ಪ್ರಕಾರ ಕೋರ್ಟು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಪ್ರಕ್ರಿಯೆಯನ್ನೇ ಆದಷ್ಟು ಅನುಸರಿಸಬೇಕಿತ್ತು. ಗಡಿ ದಾಟಿದರೆ ನಿಯಮ ಬೇರೆ. 1934ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಇಡೀ ದೇಶಕ್ಕೆ ಒಂದೇ ನಿಯಮ ರೂಪಿಸುವ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಕೊಟ್ಟಿತು. ಕರಡಿನ ಹೊಣೆ ಹೊತ್ತವರು ಯೇಲ್ ಕಾನೂನು ಶಾಲೆಯ ಡೀನ್ ಚಾರ್ಲ್ಸ್ ಕ್ಲಾರ್ಕ್. ದೂರಿನ ಬಗ್ಗೆ ಅವರ ನಿಯಮ 8 ಕೇಳುವುದು ಇಷ್ಟೇ: ಪರಿಹಾರಕ್ಕೆ ನೀವು ಅರ್ಹರು ಎಂದು ತೋರಿಸುವ, ಚಿಕ್ಕದಾದ, ಸರಳವಾದ ಹೇಳಿಕೆ. ಉಳಿದ ವಿವರ ಆಮೇಲೆ. ಎದುರಾಳಿಯ ಕೈಯಲ್ಲಿರುವ ಕಾಗದಪತ್ರಗಳನ್ನು ವಿಚಾರಣೆಗೆ ಮುಂಚೆಯೇ ಕೇಳಿ ಪಡೆಯಬಹುದು, ಅವರನ್ನು ಪ್ರಮಾಣ ಮಾಡಿಸಿ ಪ್ರಶ್ನಿಸಬಹುದು. ಈ ‘ಡಿಸ್ಕವರಿ’ಯೇ ಹೊಸ ವ್ಯವಸ್ಥೆಯ ಜೀವ. ಯಾಕೆಂದರೆ ಬಡವನಿಗೆ ಆದ ಅನ್ಯಾಯದ ದಾಖಲೆ ಸಾಮಾನ್ಯವಾಗಿ ಅನ್ಯಾಯ ಮಾಡಿದವರ ಕಪಾಟಿನಲ್ಲೇ ಇರುತ್ತದೆ, ಅಲ್ವಾ?

(ಪ್ರಕ್ರಿಯೆ ಹೀಗೆ ರಾಷ್ಟ್ರೀಯವಾದ ವರ್ಷವೇ, ಈರಿ ರೈಲ್ವೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತತ್ವ ಹೇಳಿತು. ಬೇರೆ ಬೇರೆ ರಾಜ್ಯದವರ ನಡುವಿನ ವ್ಯಾಜ್ಯ ಫೆಡರಲ್ ಕೋರ್ಟಿಗೆ ಬಂದಾಗ, ಹಕ್ಕು ಬಾಧ್ಯತೆಗಳನ್ನು ರಾಜ್ಯದ ಕಾನೂನಿನಂತೆಯೇ ತೀರ್ಮಾನಿಸಬೇಕು. ಅದರದೇ ದೊಡ್ಡ ಕತೆ.)

ಕ್ಲಾರ್ಕ್ ಮುಂದೆ ನ್ಯಾಯಾಧೀಶರಾದರು. 1944ರಲ್ಲಿ ಡಿಯೋಗಾರ್ಡಿ ಎಂಬುವರ ಪ್ರಕರಣ ಅವರ ಮುಂದೆ ಬಂತು. ವಕೀಲರಿಲ್ಲದೆ ತಾವೇ ಬರೆದುಕೊಂಡ ವಾದಪತ್ರ, ಹರಕು ಮುರುಕು ಇಂಗ್ಲಿಷ್. ಇಟಲಿಯಿಂದ ತರಿಸಿದ ಟಾನಿಕ್ ಬಾಟಲಿಗಳನ್ನು ನ್ಯೂಯಾರ್ಕಿನ ಕಸ್ಟಮ್ಸ್ ಅಧಿಕಾರಿ ಹರಾಜು ಹಾಕಿದ್ದರು. ಹರಾಜು ಸರಿಯಾಗಿ ನಡೆಯಲಿಲ್ಲ, ಅದಕ್ಕೂ ಮೂರು ವಾರ ಮೊದಲೇ ಎರಡು ಪೆಟ್ಟಿಗೆ ಕಾಣೆಯಾಗಿದ್ದವು ಎಂಬುದು ಅವರ ದೂರು. ಕೆಳಗಿನ ಕೋರ್ಟು ವಜಾ ಮಾಡಿತ್ತು. ಬರವಣಿಗೆ ಒರಟಾಗಿದ್ದರೂ ದೂರು ಏನೆಂದು ತಿಳಿಯುತ್ತದೆ ಎಂದ ಕ್ಲಾರ್ಕ್, ದಾವೆಗೆ ಮರುಜೀವ ಕೊಟ್ಟರು. ನಿಯಮ ಬರೆದ ಕೈಯೇ ಅದರ ಅರ್ಥವನ್ನೂ ತೋರಿಸಿತು. ಈ ತೀರ್ಪು ನನಗೆ ಬಹಳ ಇಷ್ಟ.

1957ರಲ್ಲಿ ಸುಪ್ರೀಂ ಕೋರ್ಟ್ ಅದೇ ದಾರಿ ಹಿಡಿಯಿತು. ಹ್ಯೂಸ್ಟನ್ನಿನ ರೈಲ್ವೆಯಲ್ಲಿ 45 ಕಪ್ಪು ಕಾರ್ಮಿಕರ ಹುದ್ದೆ ರದ್ದಾಗಿದೆ ಎಂದು ಹೇಳಿ, ಅಲ್ಲಿಗೆ ಬಿಳಿಯರನ್ನು ತಂದರು. ಯೂನಿಯನ್ ತಮ್ಮ ಪರ ನಿಲ್ಲಲಿಲ್ಲ ಎಂಬುದು ಆ ಕಾರ್ಮಿಕರ ದೂರು. ಕಾನ್ಲಿ ವಿರುದ್ಧ ಗಿಬ್ಸನ್ ಎಂಬ ಈ ಪ್ರಕರಣದಲ್ಲಿ ಕೋರ್ಟು ಹೇಳಿದ್ದು: ಯಾವ ಸಂಗತಿಯನ್ನು ಸಾಬೀತು ಮಾಡಿದರೂ ಪರಿಹಾರ ಸಿಗುವಂತಿಲ್ಲ ಎಂಬುದು ನಿಸ್ಸಂದೇಹವಾಗಿದ್ದರೆ ಮಾತ್ರ ಆರಂಭದಲ್ಲೇ ವಜಾ ಮಾಡಬಹುದು. 50 ವರ್ಷ ಇದೇ ಅಳತೆಗೋಲು.

ಆಮೇಲೆ ಡಿಸ್ಕವರಿಯ ಖರ್ಚು ಬೆಳೆಯಿತು. ದೊಡ್ಡ ಕಂಪನಿಗಳ ಕಡತ ಜಾಲಾಡುವುದಕ್ಕೇ ಕೋಟಿಗಟ್ಟಲೆ. ಆ ಖರ್ಚಿಗೆ ಹೆದರಿಯೇ ಪ್ರತಿವಾದಿಗಳು ಹುರುಳಿಲ್ಲದ ದಾವೆಯಲ್ಲೂ ರಾಜಿಯಾಗುತ್ತಾರೆ ಎಂಬ ವಾದ ಬಲವಾಯಿತು. ಅದು ಸುಮ್ನೆ ತಳ್ಳಿಹಾಕುವ ವಾದವಲ್ಲ. 2007ರಲ್ಲಿ, ಟೆಲಿಫೋನ್ ಕಂಪನಿಗಳು ಒಳಸಂಚು ಮಾಡಿ ಪೈಪೋಟಿ ತಪ್ಪಿಸಿವೆ ಎಂಬ ಟ್ವಾಂಬ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಅಳತೆಗೋಲನ್ನು ಕೈಬಿಟ್ಟಿತು. ದೂರು ನಿಜವಿರಬಹುದು ಎಂದರೆ ಸಾಲದು, ನಂಬಲರ್ಹ ಎನಿಸುವಷ್ಟು ಸಂಗತಿಗಳು ವಾದಪತ್ರದಲ್ಲೇ ಇರಬೇಕು ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸೌಟರ್.

ಎರಡು ವರ್ಷದ ನಂತರ ಜಾವೇದ್ ಇಕ್ಬಾಲ್ ಪ್ರಕರಣ. ಪಾಕಿಸ್ತಾನ ಮೂಲದ ಈತನನ್ನು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬ್ರೂಕ್ಲಿನ್‌ನ ಜೈಲಿನಲ್ಲಿ ಕಠಿಣ ಬಂದೋಬಸ್ತಿನಲ್ಲಿ ಇಟ್ಟಿದ್ದರು. ಧರ್ಮ, ಜನಾಂಗ ನೋಡಿ ಹೀಗೆ ಮಾಡುವ ನೀತಿಗೆ ಅಟಾರ್ನಿ ಜನರಲ್ ಮತ್ತು ಎಫ್‌ಬಿಐ ಮುಖ್ಯಸ್ಥರೇ ಕಾರಣ ಎಂದು ಆತ ದಾವೆ ಹೂಡಿದ. 5-4ರ ಬಹುಮತದಲ್ಲಿ, ಅವರ ಮೇಲಿನ ವಾದಪತ್ರ ಸಾಲದು ಎಂದಾಯಿತು. ನಂಬಲರ್ಹವೋ ಅಲ್ಲವೋ ಎಂಬುದನ್ನು ನ್ಯಾಯಾಧೀಶರು ತಮ್ಮ ಅನುಭವ ಮತ್ತು ಸಾಮಾನ್ಯ ತಿಳಿವಳಿಕೆಯಿಂದ ಅಳೆಯಬೇಕು, ಈ ಅಳತೆ ಎಲ್ಲ ಸಿವಿಲ್ ದಾವೆಗಳಿಗೂ ಸಲ್ಲುತ್ತದೆ ಎಂದಿತು ಕೋರ್ಟು. ಭಿನ್ನಮತ ಬರೆದವರು ಅದೇ ಸೌಟರ್. ತಮ್ಮ ತತ್ವವನ್ನೇ ತಪ್ಪಾಗಿ ಬಳಸಲಾಗಿದೆ ಎಂಬುದು ಅವರ ಆಕ್ಷೇಪ.

ನಮ್ಮ ಕೋರ್ಟುಗಳಲ್ಲಿ ಓಡಾಡಿದವರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 7 ರೂಲ್ 11ರ ಅರ್ಜಿ ಗೊತ್ತಿರುತ್ತದೆ. ದಾವೆಗೆ ಕಾರಣವೇ ಕಾಣದಿದ್ದರೆ ವಾದಪತ್ರ ತಿರಸ್ಕರಿಸುವುದು. ಅಮೆರಿಕದಲ್ಲಿ ಸುಮಾರಾಗಿ ಅದಕ್ಕೆ ಹೋಲುವುದು ನಿಯಮ 12(ಬಿ)(6). ಆದರೆ ಇಕ್ಬಾಲ್ ನಂತರ ಆ ಅರ್ಜಿಯ ತೂಕವೇ ಬೇರೆ. ಕೆಲಸಕ್ಕೆ ತೆಗೆದುಕೊಳ್ಳದೇ ಇದ್ದದ್ದು ಬಣ್ಣದ ಕಾರಣಕ್ಕೆ ಎಂದು ದೂರುವವಳು, ಕಂಪನಿಯ ಒಳಗಿನ ಇಮೇಲ್ ನೋಡದೆ ಮಾಲೀಕರ ಮನಸ್ಸಿನಲ್ಲಿದ್ದದ್ದನ್ನು ಹೇಗೆ ಬರೆಯಬೇಕು? ಇಮೇಲ್ ನೋಡಲು ಡಿಸ್ಕವರಿ ಬೇಕು. ಡಿಸ್ಕವರಿ ತಲುಪಲು ವಾದಪತ್ರ ಉಳಿಯಬೇಕು.

2015ರ ಡಿಸೆಂಬರ್ 1ರಂದು, ಮೋಟಾರು ಅಪಘಾತದ ಆ ಮಾದರಿ ಸೇರಿ, ಮಾದರಿಗಳ ಇಡೀ ಅನುಬಂಧವನ್ನೇ ನಿಯಮಗಳಿಂದ ತೆಗೆದುಹಾಕಿದರು. ನಿಯಮ 8ರ ಆ ಮಾತು ಮಾತ್ರ ಈಗಲೂ ಹಾಗೇ ಇದೆ. ವಕೀಲರಿಲ್ಲದವರಿಗಾಗಿ ಫೆಡರಲ್ ನ್ಯಾಯಾಂಗ ಕೊಡುವ ಖಾಲಿ ನಮೂನೆಯಲ್ಲೂ ಅದೇ ಸೂಚನೆ: ನಿಮ್ಮ ದೂರನ್ನು ಚಿಕ್ಕದಾಗಿ, ಸರಳವಾಗಿ ಬರೆಯಿರಿ. ಬರೆದದ್ದನ್ನು ಅಳೆಯುವುದು ಮಾತ್ರ ಟ್ವಾಂಬ್ಲಿ, ಇಕ್ಬಾಲ್ ಕೋಲಿನಲ್ಲಿ.