ಉತ್ತರ ಸಿಕ್ಕಿತು, ಆದರೆ ಎಲ್ಲಿಂದ?

ಶನಿ ಗ್ರಹಕ್ಕೆ ಎಷ್ಟು ಚಂದ್ರರು? ಲೈಬ್ರರಿಯ ರೆಫರೆನ್ಸ್ ವಿಭಾಗಕ್ಕೆ ಬಂದು ಯಾರಾದರೂ ಹೀಗೆ ಕೇಳಿದರೆ ಇದೇನು ಮಹಾ ಪ್ರಶ್ನೆ ಅನ್ನಿಸಬಹುದು. 1990ರ ದಶಕದ ಖಗೋಳ ಪುಸ್ತಕ ತೆಗೆದರೆ 18 ಎಂದಿರುತ್ತದೆ. 2019ರ ಕೊನೆಯಲ್ಲಿ ಬಂದ ಲೇಖನದಲ್ಲಿ 82. 2023ರ ಸುದ್ದಿಯಲ್ಲಿ 145, ಸ್ವಲ್ಪ ದಿನದಲ್ಲೇ 146. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಹೊಸ ಚಂದ್ರರಿಗೆ ಮಾನ್ಯತೆ ಸಿಕ್ಕಿ ಲೆಕ್ಕ 274ಕ್ಕೆ ಏರಿತು. ಇವುಗಳಲ್ಲಿ ಯಾವುದನ್ನೂ ತಪ್ಪು ಎನ್ನುವ ಹಾಗಿಲ್ಲ. ಆಯಾ ಹೊತ್ತಿಗೆ ಎಲ್ಲವೂ ಸರಿ.

ಹಾಗಾದರೆ ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಕಾ? ಬೇಡ. ನಾಳೆ ಇನ್ನೊಬ್ಬರು ಬಂದು, '1995ರಲ್ಲಿ ಶಾಲೆಯ ಮಕ್ಕಳು ಶನಿಯ ಬಗ್ಗೆ ಏನು ಓದುತ್ತಿದ್ದರು?' ಎಂದು ಕೇಳಿದರೆ ಆ ಪುಸ್ತಕವೇ ಬೇಕು. ಆಗ ಹೊಸ ವೆಬ್‌ಸೈಟ್ ಕೆಲಸಕ್ಕೆ ಬಾರದು.

ರೆಫರೆನ್ಸ್ ಸಿಬ್ಬಂದಿಗೆ ಉಪಯುಕ್ತ ಆಕರಗಳು ಯಾವುವು ಎಂದು ಕೇಳಿದಾಗ ಹೆಚ್ಚಿನವರು ಒಂದು ಉದ್ದನೆಯ ಪಟ್ಟಿ ಕೊಟ್ಟುಬಿಡುತ್ತಾರೆ. ಪಟ್ಟಿ ಇದ್ದರೆ ಒಳ್ಳೆಯದೇ. ಆದರೆ ಯಾವ ಆಕರ ಎಲ್ಲಿ ಎಡವುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಆ ಪಟ್ಟಿಯಿಂದ ದೊಡ್ಡ ಲಾಭವಿಲ್ಲ. ಮುದ್ರಿತ ಪುಸ್ತಕ ಒಂದು ರೀತಿಯಲ್ಲಿ ಎಡವುತ್ತದೆ, ಆನ್‌ಲೈನ್ ಆಕರ ಇನ್ನೊಂದು ರೀತಿಯಲ್ಲಿ.

ಪಟ್ಟಿಗಳ ಕಥೆಯೇ ಒಂದು ಪಾಠದಂತಿದೆ. ಅಮೆರಿಕದ ಆಲಿಸ್ ಬರ್ಥಾ ಕ್ರೋಗರ್ 1902ರಲ್ಲಿ ಪರಾಮರ್ಶನ ಗ್ರಂಥಗಳಿಗೆ, ಅಂದರೆ ವಿಶ್ವಕೋಶ, ನಿಘಂಟಿನಂಥ ರೆಫರೆನ್ಸ್ ಪುಸ್ತಕಗಳಿಗೆ, ಒಂದು ಕೈಪಿಡಿ ಸಿದ್ಧಮಾಡಿದರು. ಮುಂದೆ ಇಸಡೋರ್ ಮಜ್ ಅದನ್ನು ಬೆಳೆಸಿದರು. ಯಾವ ಪ್ರಶ್ನೆಗೆ ಯಾವ ಪುಸ್ತಕ ನೋಡಬೇಕು, ಆ ಪುಸ್ತಕದ ಕೊರತೆ ಏನು ಎಂದು ಹೇಳುವ ಪುಸ್ತಕ ಅದು. 1996ರ 11ನೇ ಆವೃತ್ತಿಯ ಹೊತ್ತಿಗೆ ಅದರಲ್ಲಿ 15 ಸಾವಿರಕ್ಕೂ ಹೆಚ್ಚು ನಮೂದುಗಳಿದ್ದವು. ಮುದ್ರಣದಲ್ಲಿ ಅದೇ ಕೊನೆ. ನಂತರ ಆನ್‌ಲೈನ್‌ಗೆ ಹೋಯಿತು. 2016ರಲ್ಲಿ ಅದೂ ನಿಂತಿತು. ಆನ್‌ಲೈನ್ ಆವೃತ್ತಿ ಈಗಿಲ್ಲ, 1996ರ ದಪ್ಪ ಸಂಪುಟ ಮಾತ್ರ ಎಷ್ಟೋ ಲೈಬ್ರರಿಗಳ ಕಪಾಟಿನಲ್ಲಿದೆ.

ಮುದ್ರಿತ ಗ್ರಂಥದ ದೊಡ್ಡ ಗುಣ ಅದರ ತಾರೀಖು. ಅದು ಯಾವ ವರ್ಷದ ತಿಳಿವಳಿಕೆ ಎಂಬುದು ಶೀರ್ಷಿಕೆ ಪುಟದ ಹಿಂದೆಯೇ ಅಚ್ಚಾಗಿರುತ್ತದೆ. ಅದೇ ಅದರ ದೋಷವೂ ಹೌದು. ಭೌತ ಮತ್ತು ರಸಾಯನ ವಿಜ್ಞಾನದ ಕೈಪಿಡಿಗಳನ್ನೇ ನೋಡಿ. ಕುದಿಬಿಂದು, ಸಾಂದ್ರತೆ ಮುಂತಾದ ಅಂಕಿಗಳಿಗೆ ಇವಕ್ಕಿಂತ ವೇಗದ ದಾರಿ ಕಡಿಮೆ. ಆದರೆ 2019ರ ಮೇ 20ಕ್ಕಿಂತ ಹಿಂದಿನ ಕೈಪಿಡಿಯಲ್ಲಿ ಕಿಲೋಗ್ರಾಂ ಎಂದರೆ ಪ್ಯಾರಿಸ್ ಹತ್ತಿರ ಕಾಪಾಡಿಟ್ಟ ಒಂದು ಲೋಹದ ಸಿಲಿಂಡರ್. ಆ ದಿನದಿಂದ ಕಿಲೋಗ್ರಾಂಗೆ ಪ್ಲಾಂಕ್ ಸ್ಥಿರಾಂಕ ಎಂಬ, ಭೌತ ವಿಜ್ಞಾನದ ಬದಲಾಗದ ಒಂದು ಮೌಲ್ಯವೇ ಆಧಾರ. ಯಾರೂ ಬಂದು ನಿಮ್ಮ ಕಪಾಟಿನ ಪುಸ್ತಕದಲ್ಲಿ ಇದನ್ನು ತಿದ್ದುವುದಿಲ್ಲ.

ಇನ್ನೊಂದು ಮಾತು. ಪರಾಮರ್ಶನ ಗ್ರಂಥದ ಮೊದಲ ಹತ್ತು ಪುಟಗಳನ್ನು ಓದುವವರು ತೀರಾ ಕಡಿಮೆ. ಏನನ್ನು ಸೇರಿಸಿದ್ದೇವೆ, ಏನನ್ನು ಬಿಟ್ಟಿದ್ದೇವೆ, ಹೆಸರುಗಳನ್ನು ಹೇಗೆ ಜೋಡಿಸಿದ್ದೇವೆ ಎಂಬುದೆಲ್ಲ ಇರುವುದು ಅಲ್ಲಿಯೇ. ಕೆಲಸವಿಲ್ಲದ ಮಧ್ಯಾಹ್ನ ಸುಮ್ನೆ ಕೂತು ನಾಲ್ಕು ಗ್ರಂಥಗಳ ಮುನ್ನುಡಿ ಓದಿದರೆ, ಮುಂದಿನ ವರ್ಷವಿಡೀ ಅದರ ಉಪಯೋಗ ಸಿಗುತ್ತದೆ.

ಅಚ್ಚಾಗಿದೆ ಎಂದ ಮಾತ್ರಕ್ಕೆ ನಿಜ ಎಂದೂ ಅಲ್ಲ. 1975ರ ನ್ಯೂ ಕೊಲಂಬಿಯಾ ಎನ್‌ಸೈಕ್ಲೋಪೀಡಿಯಾದಲ್ಲಿ ಲಿಲಿಯನ್ ವರ್ಜೀನಿಯಾ ಮೌಂಟ್‌ವೀಸಲ್ ಎಂಬ ಛಾಯಾಗ್ರಾಹಕಿಯ ಬಗ್ಗೆ ನಮೂದು ಇದೆ. ಅಮೆರಿಕದ ಹಳ್ಳಿಗಳ ಅಂಚೆ ಡಬ್ಬಿಗಳ ಫೋಟೊ ತೆಗೆದು ಹೆಸರಾದವಳು, ಒಂದು ಸ್ಫೋಟದಲ್ಲಿ ಸತ್ತಳು ಎಂದೆಲ್ಲ ಬರೆದಿದೆ. ಅಂಥ ಹೆಂಗಸು ಹುಟ್ಟಿಯೇ ಇರಲಿಲ್ಲ! ಬೇರೆಯವರು ಕದ್ದು ನಕಲು ಮಾಡಿದರೆ ಹಿಡಿಯಲು ಸಂಪಾದಕರು ಇಂಥ ಸುಳ್ಳು ನಮೂದು ಸೇರಿಸುವುದುಂಟು.

ಆನ್‌ಲೈನ್‌ಗೆ ಬಂದರೆ ಮೊದಲು ವಿಕಿಪೀಡಿಯ. ಇದನ್ನು ನೋಡಬೇಡಿ ಎಂದು ಓದುಗರಿಗೆ ಹೇಳಿ, ತಾವು ಮಾತ್ರ ಮೊದಲು ಅಲ್ಲಿಗೇ ಹೋಗುವುದು ಎಲ್ಲರ ಅಭ್ಯಾಸ, ಅಲ್ವಾ? 2005ರಲ್ಲಿ ನೇಚರ್ ಪತ್ರಿಕೆ ವಿಜ್ಞಾನದ 42 ವಿಷಯಗಳನ್ನು ತೆಗೆದುಕೊಂಡು ವಿಕಿಪೀಡಿಯ ಮತ್ತು ಬ್ರಿಟಾನಿಕಾಗಳನ್ನು ತಜ್ಞರಿಂದ ಹೋಲಿಸಿ ನೋಡಿತು. ಒಂದು ಬರಹಕ್ಕೆ ಸರಾಸರಿ ವಿಕಿಪೀಡಿಯದಲ್ಲಿ ಸುಮಾರು 4 ತಪ್ಪು, ಬ್ರಿಟಾನಿಕಾದಲ್ಲಿ ಸುಮಾರು 3. ಬ್ರಿಟಾನಿಕಾದವರು ಇದನ್ನು ಒಪ್ಪಲಿಲ್ಲ, ದೊಡ್ಡ ಜಗಳವೇ ಆಯಿತು. ನನಗೆ ಅನ್ನಿಸುವುದು ಇಷ್ಟು: ರೆಫರೆನ್ಸ್ ಸಿಬ್ಬಂದಿಗೆ ವಿಕಿಪೀಡಿಯದ ಬರಹಕ್ಕಿಂತ ಅದರ ಅಡಿಯಲ್ಲಿರುವ ಉಲ್ಲೇಖಗಳು ಮತ್ತು 'ಇತಿಹಾಸ' ಪುಟ ಹೆಚ್ಚು ಉಪಯುಕ್ತ. ಯಾವ ವಾಕ್ಯ ಯಾವ ದಿನ ಒಳಗೆ ಬಂತು ಎಂದು ತೋರಿಸುವ ಸೌಲಭ್ಯ ಯಾವ ಮುದ್ರಿತ ವಿಶ್ವಕೋಶದಲ್ಲೂ ಇಲ್ಲ.

ಆಳಕ್ಕೆ ಇಳಿಯಬೇಕಾದಾಗ ಬೇರೆ ಸಾಧನಗಳಿವೆ. ಪುಸ್ತಕ ಜಗತ್ತಿನ ಯಾವ ಲೈಬ್ರರಿಯಲ್ಲಿದೆ ಎಂದು ನೋಡಲು ವರ್ಲ್ಡ್‌ಕ್ಯಾಟ್, ವೈದ್ಯಕೀಯ ಸಂಶೋಧನೆಗೆ ಪಬ್‌ಮೆಡ್, ಯಾರೂ ಹಣ ಕೊಡದೆ ಓದಬಹುದಾದ ಪತ್ರಿಕೆಗಳಿಗೆ ಡಿಒಎಜೆ, ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗೆ ಹಾತಿಟ್ರಸ್ಟ್ ಮತ್ತು ಇಂಟರ್ನೆಟ್ ಆರ್ಕೈವ್. ಇವುಗಳಲ್ಲಿ ಪಬ್‌ಮೆಡ್ ಅನ್ನು ಸರಿಯಾಗಿ ಕಲಿಯುವುದು ಶ್ರಮಕ್ಕೆ ತಕ್ಕದ್ದು. ಅಲ್ಲಿ ಬಹುಪಾಲು ಲೇಖನಗಳಿಗೆ ನಿಗದಿತ ವಿಷಯ ಶೀರ್ಷಿಕೆ ಅಂಟಿಸಿರುತ್ತಾರೆ. ಲೇಖಕರು ಯಾವ ಪದ ಬಳಸಿದ್ದರೂ ಒಂದೇ ಕಾಯಿಲೆಯ ಲೇಖನಗಳು ಒಂದೇ ಕಡೆ ಸೇರುತ್ತವೆ. ಸಾಮಾನ್ಯ ಹುಡುಕಾಟದಲ್ಲಿ ಈ ಅನುಕೂಲ ಸಿಗುವುದಿಲ್ಲ. ಸಿಕ್ಕ ಲೇಖನವನ್ನು ಪತ್ರಿಕೆ ಮುಂದೆ ಹಿಂತೆಗೆದುಕೊಂಡಿದೆಯೇ ಎಂದೂ ನೋಡಬೇಕು. ಹಾಗೆ ಹಿಂತೆಗೆದ ಲೇಖನಗಳ ಪಟ್ಟಿಯಾದ ರಿಟ್ರಾಕ್ಷನ್ ವಾಚ್ ದತ್ತಸಂಚಯ 2023ರಿಂದ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ತೆರೆದಿದೆ.

ಈಗ ಪಾಲಕ್ ಸೊಪ್ಪಿನ ಕಥೆಗೆ ಬರೋಣ. 'ಪಾಲಕ್‌ನಲ್ಲಿ ಕಬ್ಬಿಣ ಜಾಸ್ತಿ ಎಂಬ ನಂಬಿಕೆ ಹುಟ್ಟಿದ್ದೇ ಒಂದು ದಶಮಾಂಶ ಬಿಂದು ತಪ್ಪಾಗಿ ಬಿದ್ದದ್ದರಿಂದ, ಕಾರ್ಟೂನಿನ ನಾವಿಕ ಪೊಪೈ ಪಾಲಕ್ ತಿನ್ನುವುದೂ ಅದಕ್ಕೇ' ಎಂಬ ಮಾತನ್ನು ನೀವೂ ಕೇಳಿರಬಹುದು. ಒಬ್ಬ ಓದುಗರು ಬಂದು ಇದಕ್ಕೆ ಆಧಾರ ಕೊಡಿ ಎನ್ನುತ್ತಾರೆ ಎಂದುಕೊಳ್ಳಿ. ಹುಡುಕಿದರೆ ರಾಶಿ ರಾಶಿ ಸಿಗುತ್ತದೆ. ಪುಸ್ತಕಗಳು, ಸಂಶೋಧನಾ ಲೇಖನಗಳು, ಎಲ್ಲವೂ ಒಂದೇ ಮಾತು ಹೇಳುತ್ತವೆ. ಇಷ್ಟು ಜನ ಹೇಳಿದ ಮೇಲೆ ನಿಜವೇ ಇರಬೇಕು ಎಂದು ಉತ್ತರ ಕೊಟ್ಟು ಕಳಿಸಿಬಿಡಬಹುದು.

ಆದರೆ ಆ ಲೇಖನಗಳ ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ಹೋದರೆ ದಾರಿ ಒಂದು ಕಡೆ ನಿಂತುಬಿಡುತ್ತದೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟಿ. ಜೆ. ಹ್ಯಾಂಬ್ಲಿನ್ ಎಂಬ ವೈದ್ಯರು ಬರೆದ ಲೇಖನದಲ್ಲಿ ಈ ಕಥೆ ಇದೆ. ಅಲ್ಲಿ ಅದಕ್ಕೆ ಆಧಾರ ಕೊಟ್ಟಿಲ್ಲ. 2010ರಲ್ಲಿ ಮೈಕ್ ಸಟನ್ ಎಂಬ ಸಂಶೋಧಕರು ಬೆನ್ನುಹತ್ತಿ ಹುಡುಕಿದಾಗ ದಶಮಾಂಶ ಬಿಂದುವಿನ ತಪ್ಪಿಗೆ ಯಾವ ಪುರಾವೆಯೂ ಸಿಗಲಿಲ್ಲ. 1932ರ ಒಂದು ಕಾಮಿಕ್‌ನಲ್ಲಿ ಪೊಪೈ ತಾನೇ ಹೇಳುವುದು ಪಾಲಕ್‌ನ ವಿಟಮಿನ್ ಎ ಬಗ್ಗೆ. ಕಬ್ಬಿಣದ ಮಾತೇ ಇಲ್ಲ! 2014ರಲ್ಲಿ ಓಲೆ ಬ್ಯೋರ್ನ್ ರೆಕ್ಡಾಲ್, ವಿದ್ವಾಂಸರು ಮೂಲ ಓದದೆ ಒಬ್ಬರಿಂದ ಒಬ್ಬರು ಉಲ್ಲೇಖ ಎತ್ತಿಕೊಳ್ಳುವುದರಿಂದ ಇಂಥ ದಂತಕಥೆಗಳು ಹೇಗೆ ಹಬ್ಬುತ್ತವೆ ಎಂದು ಇದೇ ಉದಾಹರಣೆ ಹಿಡಿದು ಬರೆದರು. ಅಂದರೆ ವಿಜ್ಞಾನದಲ್ಲಿ ಎಚ್ಚರ ಬೇಕು ಎಂದು ಹೇಳಲು ಬಳಸುತ್ತಿದ್ದ ಕಥೆಯನ್ನೇ ಯಾರೂ ಪರೀಕ್ಷಿಸಿರಲಿಲ್ಲ.

ರೆಫರೆನ್ಸ್ ಮೇಜಿನಲ್ಲಿ ಇದನ್ನು ಹೇಗೆ ನಿಭಾಯಿಸಬೇಕು? ಹಸಿ ಪಾಲಕ್‌ನಲ್ಲಿ ಕಬ್ಬಿಣ ಎಷ್ಟು ಎಂಬುದಕ್ಕೆ ಅಮೆರಿಕದ ಕೃಷಿ ಇಲಾಖೆಯ ಫುಡ್‌ಡೇಟಾ ಸೆಂಟ್ರಲ್ ಸಾಕು: 100 ಗ್ರಾಂಗೆ ಸುಮಾರು 2.7 ಮಿಲಿಗ್ರಾಂ. ಕಥೆ ಎಲ್ಲಿಂದ ಬಂತು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಒಂದೊಂದೇ ಉಲ್ಲೇಖ ತೆರೆದು ಹಿಂದೆ ಹೋಗದೆ ಬೇರೆ ದಾರಿಯಿಲ್ಲ. ಹತ್ತು ಆಕರಗಳು ಒಂದೇ ಮಾತು ಹೇಳಿದಾಗ, ಹತ್ತೂ ಒಂದೇ ಕಡೆಯಿಂದ ಎತ್ತಿಕೊಂಡಿವೆಯೇ ಎಂದು ನೋಡಬೇಕು.

ಕೆಲವೊಮ್ಮೆ ಹಿಂದೆ ಹೋದರೆ ಅಲ್ಲಿ ಏನೂ ಇರುವುದಿಲ್ಲ. ವಾನ್ ಡೆರ್ ಗೀರ್ ಮತ್ತಿತರರು 2000ದಲ್ಲಿ ಬರೆದರು ಎನ್ನಲಾದ ಒಂದು ಲೇಖನಕ್ಕೆ ಸುಮಾರು 400 ಉಲ್ಲೇಖಗಳು ಸಿಕ್ಕಿದ್ದವು. ಅದು ಒಂದು ಪ್ರಕಾಶನ ಸಂಸ್ಥೆ 'ಉಲ್ಲೇಖವನ್ನು ಹೀಗೆ ಬರೆಯಿರಿ' ಎಂದು ತೋರಿಸಲು ಕೊಟ್ಟ ಕಾಲ್ಪನಿಕ ಮಾದರಿ. ಮಾದರಿಯನ್ನು ಅಳಿಸಲು ಮರೆತವರು ಜಾಸ್ತಿ ಇದ್ದರು ಎಂದು ಕಾಣುತ್ತದೆ. ಇದು ಬೆಳಕಿಗೆ ಬಂದದ್ದು 2017ರಲ್ಲಿ, ಚಾಟ್‌ಜಿಪಿಟಿ ಬರುವುದಕ್ಕೆ ಐದು ವರ್ಷ ಮೊದಲು. ಈಗಂತೂ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ನಿಜವಾದ ಲೇಖಕರ ಹೆಸರು, ನಿಜವಾದ ಪತ್ರಿಕೆಯ ಹೆಸರು ಜೋಡಿಸಿ ಇಲ್ಲದ ಲೇಖನ ಹುಟ್ಟಿಸುತ್ತವೆ. 2023ರಲ್ಲಿ ನ್ಯೂಯಾರ್ಕ್‌ನ ಒಂದು ನ್ಯಾಯಾಲಯದಲ್ಲಿ ಇಂಥ ಹುಟ್ಟಿಸಿದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಓದುಗರು ಅಂಥ ಉಲ್ಲೇಖ ಹಿಡಿದು ಬಂದು 'ನಿಮ್ಮಲ್ಲಿ ಇದು ಯಾಕಿಲ್ಲ?' ಎಂದು ಕೇಳುವುದು ಲೈಬ್ರರಿಗಳಿಗೆ ಹೊಸ ತಲೆನೋವು.

ಪರೀಕ್ಷಿಸಲು ಎರಡು ಸುಲಭ ದಾರಿಗಳಿವೆ. ಲೇಖನಕ್ಕೆ ಡಿಒಐ ಸಂಖ್ಯೆ (ಲೇಖನದ ಶಾಶ್ವತ ಆನ್‌ಲೈನ್ ಗುರುತು) ಕೊಟ್ಟಿದ್ದರೆ ಅದನ್ನು ತೆರೆದು ನೋಡಿ. ಕಲ್ಪಿತ ಸಂಖ್ಯೆ ತೆರೆಯುವುದೇ ಇಲ್ಲ, ಇಲ್ಲವೇ ಸಂಬಂಧವಿಲ್ಲದ ಲೇಖನಕ್ಕೆ ಕರೆದೊಯ್ಯುತ್ತದೆ. ಪುಸ್ತಕವಾದರೆ 13 ಅಂಕಿಯ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತು ಸಂಖ್ಯೆ, ನೋಡಿ. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮೂರನೆಯದನ್ನು ಮತ್ತೆ 1ರಿಂದ, ಹೀಗೆ ಗುಣಿಸುತ್ತಾ ಹೋಗಿ ಎಲ್ಲವನ್ನೂ ಕೂಡಿಸಿ. ಮೊತ್ತ 10ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಒಂದು ಅಂಕಿ ತಪ್ಪಿದ್ದರೂ ಈ ಲೆಕ್ಕ ಹಿಡಿದುಕೊಡುತ್ತದೆ. ಸುಮ್ನೆ ಮನಸ್ಸಿಗೆ ಬಂದ ಅಂಕಿ ಹಾಕಿದ್ದರೆ ಹತ್ತರಲ್ಲಿ ಒಂಬತ್ತು ಸಲ ಸಿಕ್ಕಿಬೀಳುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಮಾತ್ರ ಒಂದು ಕಿಂಡಿ ಇದೆ. ಅವುಗಳ ನಡುವೆ ಸರಿಯಾಗಿ 5ರ ಅಂತರವಿದ್ದರೆ, ಉದಾಹರಣೆಗೆ 2 ಮತ್ತು 7, ತಪ್ಪು ಗೊತ್ತಾಗುವುದಿಲ್ಲ.

ಆನ್‌ಲೈನ್ ಆಕರಗಳ ಇನ್ನೊಂದು ಕಾಯಿಲೆ, ಹೇಳದೆ ಕೇಳದೆ ಮಾಯವಾಗುವುದು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತು. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿನ ಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಗೆ ಹೋಗುತ್ತಿಲ್ಲ ಎಂದು 2014ರ ಹಾರ್ವರ್ಡ್ ಅಧ್ಯಯನ ಕಂಡುಕೊಂಡಿತ್ತು. ಆದ್ದರಿಂದ ಓದುಗರಿಗೆ ಕೊಂಡಿ ಕೊಡುವ ಮುಂಚೆ ಆ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಬಿಡಿ. ಅರ್ಧ ನಿಮಿಷದ ಕೆಲಸ.

ಇಷ್ಟೆಲ್ಲ ಸಾಧನಗಳಿದ್ದರೆ ಉತ್ತರ ಸರಿಯಾಗುತ್ತದಾ? ಇಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಸಾಮಾನ್ಯ ಓದುಗರಂತೆ ಹೋಗಿ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳಿ ಲೈಬ್ರರಿಗಳನ್ನು ಪರೀಕ್ಷಿಸುವ ಕ್ರಮ ಅಮೆರಿಕದಲ್ಲಿತ್ತು. ಪೂರ್ತಿ ಸರಿಯಾದ ಉತ್ತರ ಸಿಗುತ್ತಿದ್ದುದು ಹೆಚ್ಚುಕಡಿಮೆ ಶೇ 55 ಸಲ. 1986ರಲ್ಲಿ ಹರ್ನನ್ ಮತ್ತು ಮೆಕ್‌ಕ್ಲೂರ್ ಇದಕ್ಕೆ 'ಶೇ 55ರ ನಿಯಮ' ಎಂದೇ ಹೆಸರಿಟ್ಟರು. ಮೇರಿಲ್ಯಾಂಡ್ ರಾಜ್ಯದ ಲೈಬ್ರರಿಗಳಲ್ಲಿ ಇದೇ ದಶಕದಲ್ಲಿ ನಡೆದ ಅಧ್ಯಯನ ಇನ್ನೂ ಮುಂದೆ ಹೋಯಿತು. ಪುಸ್ತಕ ಎಷ್ಟಿವೆ ಎಂಬುದಕ್ಕಿಂತ ಸಿಬ್ಬಂದಿ ಹೇಗೆ ಮಾತಾಡುತ್ತಾರೆ ಎಂಬುದು ಹೆಚ್ಚು ಮುಖ್ಯವಾಗಿತ್ತು. ಅದರಲ್ಲೂ 'ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತಾ?' ಎಂದು ಕೊನೆಗೊಮ್ಮೆ ಕೇಳುವುದು ತುಂಬಾ ಫಲ ಕೊಡುತ್ತಿತ್ತು. ಯಾಕೆಂದರೆ ಜನ ಮೊದಲು ಕೇಳುವ ಪ್ರಶ್ನೆಯೇ ಬೇರೆ, ಬೇಕಾದದ್ದೇ ಬೇರೆ. 'ಗಿಡಗಳ ಪುಸ್ತಕ ಎಲ್ಲಿದೆ?' ಎಂದವರಿಗೆ ಬೇಕಾದದ್ದು ಮನೆಯ ಮುಂದಿನ ಗಿಡದ ಎಲೆ ವಿಷವೇ ಎಂಬ ಒಂದು ಮಾತಿನ ಉತ್ತರ ಇರಬಹುದು.

ಇನ್ನು ಉಳಿದದ್ದು ಮೇಜಿನ ಮೇಲಿನ ಸ್ವಂತ ಟಿಪ್ಪಣಿ ಪುಸ್ತಕ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ 2014ರಲ್ಲಿ ಒಂದು ಹಳೆಯ ಪೆಟ್ಟಿಗೆ ಸಿಕ್ಕಿತು. 1940ರ ದಶಕದಿಂದ ಜನ ಕೇಳಿದ ಪ್ರಶ್ನೆಗಳ ಕಾರ್ಡುಗಳು ಅದರಲ್ಲಿದ್ದವು. ಮನೆಯಲ್ಲಿ ಆಕ್ಟೋಪಸ್ ಸಾಕಬಹುದಾ ಎಂಬ ಪ್ರಶ್ನೆಯೂ ಇತ್ತು. ಓದಲು ಮಜಾ ಇದೆ, ಆದರೆ ಕೆಲಸಕ್ಕೆ ಬರುವ ದಾಖಲೆಯಲ್ಲಿ ಪ್ರಶ್ನೆಯ ಜೊತೆಗೆ ಎಲ್ಲೆಲ್ಲಿ ಹುಡುಕಿದೆವು ಎಂಬುದೂ ಇರಬೇಕು. ಹುಡುಕಿಯೂ ಸಿಗದ ಜಾಗಗಳನ್ನು ಮರೆಯದೆ ಬರೆಯಿರಿ, ಮುಂದಿನ ಪಾಳಿಯವರಿಗೆ ಒಂದು ಗಂಟೆ ಉಳಿಯುತ್ತದೆ. ತಾರೀಖು, ಪ್ರಶ್ನೆ, ನೋಡಿದ ಆಕರ, ಅದರ ಆವೃತ್ತಿ ಇಷ್ಟಿದ್ದರೆ ಸಾಕು. ಕೇಳಿದವರ ಹೆಸರು ಬೇಡ.