ಔಟ್‌ಬೋರ್ಡ್ ಮೋಟಾರಿನ ಹೊಗೆ ಸೋರಿಕೆ: ಬಿಚ್ಚಿದಾಗಲೇ ಸರಿಪಡಿಸಿ

ತುಮಕೂರಿನ ನಮ್ಮ ವರ್ಕ್‌ಶಾಪಿಗೆ ಬರುವುದರಲ್ಲಿ ಹೆಚ್ಚಿನವು ಪಂಪ್‌ಸೆಟ್ ಮತ್ತು ಟಿಲ್ಲರ್ ಎಂಜಿನ್ನುಗಳು. ಕೆರೆಗಳು ತುಂಬಿದ ವರ್ಷ ಔಟ್‌ಬೋರ್ಡ್ ಮೋಟಾರುಗಳೂ, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಎಂಜಿನ್ನುಗಳೂ, ಬರುತ್ತವೆ. ಹಾಗೆ ಬಂದ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಮೋಟಾರೊಂದು ಹತ್ತು ನಿಮಿಷ ಓಡಿ ಉಸಿರುಗಟ್ಟಿದಂತೆ ನಿಲ್ಲುತ್ತಿತ್ತು. ಬೇರೆ ಕಡೆ ಅದರ ಕಾರ್ಬ್ಯುರೇಟರನ್ನು ಎರಡು ಸಲ ತೊಳೆದಿದ್ದರು. ಬಯಲಿನಲ್ಲಿ, ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು, ಮೇಲಿನ ಮುಚ್ಚಳ ತೆಗೆದು ಓಡಿಸಿದಾಗ ಅದು ಸಲೀಸಾಗಿ ಓಡಿತು. ಮುಚ್ಚಳ ಹಾಕಿದೊಡನೆ ಮತ್ತೆ ನಿಂತಿತು. ಹೊಗೆಯು ಮುಚ್ಚಳದೊಳಗೇ ಸೋರಿ, ಎಂಜಿನ್ನು ತಾನು ಬಿಟ್ಟ ಹೊಗೆಯನ್ನೇ ಗಾಳಿಯೊಡನೆ ಎಳೆದುಕೊಳ್ಳುತ್ತಿತ್ತು.

ಈ ಮೋಟಾರುಗಳಲ್ಲಿ ಹೊಗೆಯು ಬ್ಲಾಕಿನ ಪಕ್ಕದ ಎಗ್ಸಾಸ್ಟ್ ಕವರಿನ ಮೂಲಕ ಹಾದು, ಕಾಲಿನಂತಿರುವ ನಡುಭಾಗದಲ್ಲಿ ಇಳಿದು, ನೀರಿನಡಿಯಲ್ಲಿ ಹೊರಬೀಳುತ್ತದೆ. ಸೋರುವುದು ಸಾಮಾನ್ಯವಾಗಿ ಆ ಕವರಿನ ಜೋಡಿನಲ್ಲಿ, ಇಲ್ಲವೇ ಎಂಜಿನ್ನು ನಡುಭಾಗದ ಮೇಲೆ ಕೂರುವ ತಳದ ಜೋಡಿನಲ್ಲಿ. ಎಣ್ಣೆ ಬೆರೆತ ಕಪ್ಪು ಮಸಿಯೇ ಅದರ ಗುರುತು. ಕವರಿನ ಬೆನ್ನಿಗೇ ತಂಪು ನೀರು ಹರಿಯುವುದರಿಂದ ಒಳಗಿನ ಸೋರಿಕೆ ಇನ್ನೂ ಕೆಟ್ಟದ್ದು: ಹೊಗೆ ನೀರಿನ ದಾರಿಗೆ ನುಗ್ಗಿದರೆ ಎಂಜಿನ್ನು ಕಾಯುತ್ತದೆ, ನೀರು ಹೊಗೆಯ ದಾರಿಗೆ ಬಂದರೆ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ಆದ್ದರಿಂದ ಎಂಜಿನ್ನನ್ನು ಕಾಲಿನಿಂದ ಇಳಿಸಿದ ದಿನವೇ ಎರಡೂ ಜೋಡುಗಳನ್ನು ನೋಡಬೇಕು.

ಅಲ್ಯೂಮಿನಿಯಮ್ಮಿನಲ್ಲಿ ಹಿಡಿದುಕೊಂಡ ಉಕ್ಕಿನ ಬೋಲ್ಟನ್ನು ಬಲ ಹಾಕಿ ತಿರುಗಿಸಿದರೆ ತುಂಡಾಗುತ್ತದೆ. ಅಲ್ಯೂಮಿನಿಯಮ್ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಬೋಲ್ಟಿನ ಸುತ್ತಲಿನ ಲೋಹವನ್ನು ಕಾಯಿಸಿ, ಸ್ವಲ್ಪ ಸ್ವಲ್ಪವೇ ಹಿಂದಕ್ಕೂ ಮುಂದಕ್ಕೂ ಆಡಿಸಿ ಬಿಡಿಸಬೇಕು. ಶುದ್ಧ ಅಲ್ಯೂಮಿನಿಯಮ್ 660 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಎಂಜಿನ್ನಿನ ಮಿಶ್ರಲೋಹ ಇನ್ನೂ ಕಡಿಮೆ ಬಿಸಿಗೇ; ಅದಕ್ಕೂ ಮೊದಲು ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ಗ್ಯಾಸ್ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸಬೇಡಿ.

ಜೋಡಿನ ನಡುವೆ ಇಡುವ ತೆಳು ಪದರವಾದ ಪ್ಯಾಕಿಂಗನ್ನು ಹೊಸದಾಗಿ ಹಾಕಿದರೂ ಸೋರಿಕೆ ಮರಳುವುದಕ್ಕೆ ಕಾರಣ ಬಹುತೇಕ ಜೋಡಿನ ಮುಖದಲ್ಲಿರುತ್ತದೆ. ನಾನು ಹೇಳಿದ ಮೋಟಾರಿನ ಕವರನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ, ಒಂದು ಬೋಲ್ಟಿನ ತೂತಿನಿಂದ ಅಂಚಿನವರೆಗೆ ಉಗುರಿಗೆ ಸಿಗುವಷ್ಟು ಆಳದ ಗೀರು ಕಂಡಿತು; ಹಳೆಯ ಪ್ಯಾಕಿಂಗನ್ನು ಯಾರೋ ಹ್ಯಾಕ್ಸಾ ಬ್ಲೇಡಿನಿಂದ ಕೆರೆದಿದ್ದರು. ಮರದ ಚೂರು ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ, ಹೊತ್ತು ಹಿಡಿದರೂ ಸರಿ, ನಿಧಾನವಾಗಿ ಎಬ್ಬಿಸಿ. ಆಮೇಲೆ ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯುವ, ಗೊತ್ತಾದ ದಪ್ಪದ ತೆಳು ಲೋಹದ ಎಲೆಗಳು) ತೂರಿಸಿ ನೋಡಿ. 0.1 ಮಿ.ಮೀ. ಎಲೆ ನುಸುಳಿದರೆ ನಾನು ಆ ಕವರನ್ನು ಹಾಗೆಯೇ ಕೂರಿಸುವುದಿಲ್ಲ. ದಪ್ಪ ಗಾಜಿನ ಮೇಲೆ ಎಮೆರಿ ಕಾಗದ ಹಾಸಿ, ಕವರನ್ನು ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜುತ್ತಾ ಹೋದರೆ ಉಬ್ಬು ಮೊದಲು ಹೊಳೆಯುತ್ತದೆ, ತಗ್ಗು ಮಸುಕಾಗಿ ಉಳಿಯುತ್ತದೆ. ಇಡೀ ಮುಖ ಒಂದೇ ಬಣ್ಣಕ್ಕೆ ಬರುವವರೆಗೆ ಉಜ್ಜಬೇಕು. ಬ್ಲಾಕಿನ ಮುಖವೇ ಬಾಗಿದ್ದರೆ ಅದು ಮಷಿನ್ ಶಾಪಿನ ಕೆಲಸ.

ಸಿಲಿಕಾನ್ ಪೇಸ್ಟನ್ನು ದಪ್ಪಗೆ ಬಳಿದು ಗೀರು ಮುಚ್ಚುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಹಿಂಡಿ ಹೊರಬಂದ ಪೇಸ್ಟು ನೀರಿನ ದಾರಿಯನ್ನು ಕಟ್ಟಬಲ್ಲದು. ಬೋಲ್ಟಿನ ತೂತುಗಳ ಎಳೆಗಳನ್ನು (ಥ್ರೆಡ್) ಟ್ಯಾಪ್ ಎಂಬ ಎಳೆ ಕೊರೆಯುವ ಉಪಕರಣ ಹಾಕಿ ಚೊಕ್ಕ ಮಾಡಿ, ಬೋಲ್ಟುಗಳನ್ನು ಕಂಪನಿಯ ಕೈಪಿಡಿಯ ಕ್ರಮದಲ್ಲಿ, ಒಂದೇ ಸಲಕ್ಕೆ ಬಿಗಿಯದೆ ಹಂತ ಹಂತವಾಗಿ, ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಕೊನೆಗೆ ಮುಚ್ಚಳ ಹಾಕಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಆರಿದ ಮೇಲೆ ಜೋಡಿನ ಉದ್ದಕ್ಕೂ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಸಿ ಹತ್ತಿದರೆ ಮೋಟಾರನ್ನು ದೋಣಿಗೆ ಕಟ್ಟಬೇಡಿ, ಮತ್ತೆ ಬಿಚ್ಚಿ.